ಸಾಧ್ಯವೆಂದು ತೋರಿಸಿದ ಮೇಲೆ ಉಳಿಯುವ ಪ್ರಶ್ನೆ

ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯದೆ, ದೇಹದಲ್ಲಿ ಮೊದಲೇ ಇರುವ ದ್ವಾರದಿಂದ ಕರುಳಿನ ರೋಗಗ್ರಸ್ತ ಭಾಗವನ್ನು ತೆಗೆಯಬಹುದೇ ಎಂಬುದನ್ನು ಶಸ್ತ್ರವೈದ್ಯರು ಮೊದಲು ಪರೀಕ್ಷಿಸಿದ್ದು ಹಂದಿಗಳಲ್ಲಿ ಮತ್ತು ಶವಗಳಲ್ಲಿ. ಗುದನಾಳದ ಸಣ್ಣ ಗಡ್ಡೆಗಳಿಗಾಗಿ ಜರ್ಮನಿಯ ಗೆರ್‌ಹಾರ್ಡ್ ಬ್ಯೂಸ್ 1980ರ ದಶಕದಲ್ಲಿ ರೂಪಿಸಿದ್ದ ಕೊಳವೆಯಾಕಾರದ ದರ್ಶಕ ಇದಕ್ಕೂ ಒದಗಿಬಂತು. 2009ರಲ್ಲಿ ಬಾರ್ಸಿಲೋನಾದಲ್ಲಿ ಪೆಟ್ರೀಷಿಯಾ ಸಿಲ್ಲಾ ಮತ್ತು ಆಂಟೋನಿಯೋ ಲಾಸಿ ಅವರ ತಂಡ, ಲ್ಯಾಪರೋಸ್ಕೋಪಿಯ (ಹೊಟ್ಟೆಯ ಸಣ್ಣ ರಂಧ್ರಗಳಿಂದ ಕ್ಯಾಮೆರಾ, ಉಪಕರಣಗಳನ್ನು ತೂರಿಸುವ ವಿಧಾನ) ನೆರವಿನೊಂದಿಗೆ, 76 ವರ್ಷದ ಮಹಿಳೆಯೊಬ್ಬರ ಕ್ಯಾನ್ಸರ್ ತಗುಲಿದ ಗುದನಾಳವನ್ನು ಗುದದ್ವಾರದ ಮೂಲಕ ಬಿಡಿಸಿ ಹೊರತೆಗೆಯಿತು.

ಆಲೋಚನೆ ತರ್ಕಬದ್ಧವೇ ಆಗಿತ್ತು. ಸ್ಥೂಲಕಾಯದ ಗಂಡಸರ ಕಿರಿದಾದ ಕಿಬ್ಬೊಟ್ಟೆಯ ತಳದಲ್ಲಿ ಗಡ್ಡೆಯಿದ್ದರೆ ಮೇಲಿನಿಂದ ಉಪಕರಣಗಳು ತಲುಪುವುದು ಕಷ್ಟ. ಕೆಳಗಿನಿಂದ ಹೋದರೆ ಗಡ್ಡೆಯ ಅಂಚು ನೇರವಾಗಿ ಕಣ್ಣಿಗೆ ಬೀಳುತ್ತದೆ. ಆದರೆ ಆ ದಿಕ್ಕಿನಿಂದ ಶರೀರರಚನೆಯನ್ನು ನೋಡಿ ಅಭ್ಯಾಸವಿಲ್ಲದವರ ಕೈಯಲ್ಲಿ ಮೂತ್ರದ್ವಾರದ ನಾಳಕ್ಕೇ ಗಾಯವಾದ ಪ್ರಸಂಗಗಳು ವರದಿಯಾದವು. ಇನ್ನೊಂದು ಸೂಕ್ಷ್ಮ ಹಂತವೆಂದರೆ, ಎಲೆಯಡಿಕೆ ಸಂಚಿಯ ಬಾಯಿದಾರವನ್ನು ಎಳೆದು ಬಿಗಿಯುವಂತೆ ಗಡ್ಡೆಯ ಕೆಳಗೆ ಗುದನಾಳವನ್ನು ಸುತ್ತ ಹೊಲಿದು ಮುಚ್ಚುವುದು. ಅದು ಸಡಿಲವಾದರೆ ಕ್ಯಾನ್ಸರ್ ಕೋಶಗಳು ಶಸ್ತ್ರಕ್ರಿಯೆಯ ಜಾಗಕ್ಕೆ ಚೆಲ್ಲಬಹುದು.

ನಾರ್ವೆಯಲ್ಲಿ ಈ ಆತಂಕ ಅಂಕಿಗಳಲ್ಲಿ ಕಂಡಿತು. ಅಲ್ಲಿನ ಏಳು ಆಸ್ಪತ್ರೆಗಳಲ್ಲಿ 2014ರಿಂದ 2018ರವರೆಗೆ ಈ ವಿಧಾನದಲ್ಲಿ ಚಿಕಿತ್ಸೆ ಪಡೆದ 157 ಮಂದಿಯಲ್ಲಿ 12 ಮಂದಿಗೆ ಅದೇ ಜಾಗದಲ್ಲಿ ಕ್ಯಾನ್ಸರ್ ಮರುಕಳಿಸಿತು. ಅವರಲ್ಲಿ ಎಂಟು ಮಂದಿಯಲ್ಲಿ ಅದು ಹಲವು ಕಡೆ ಅಥವಾ ವ್ಯಾಪಕವಾಗಿ ಹರಡಿತ್ತು. ಸುಮಾರು ಎರಡೂವರೆ ವರ್ಷದ ಹೊತ್ತಿಗೆ ಮರುಕಳಿಕೆಯ ಅಂದಾಜು ಪ್ರಮಾಣ ಶೇ. 11.6, ದೇಶದ ಕ್ಯಾನ್ಸರ್ ನೋಂದಣಿಯಲ್ಲಿದ್ದ ಇತರ ರೋಗಿಗಳಲ್ಲಿ ಶೇ. 2.4. ನಾರ್ವೆ ಈ ಶಸ್ತ್ರಕ್ರಿಯೆಯನ್ನೇ ನಿಲ್ಲಿಸಿತು. ಅದಕ್ಕೆ ಬೇಕಾದ ಧೈರ್ಯ ಹೊಸದನ್ನು ಆರಂಭಿಸುವುದಕ್ಕೆ ಬೇಕಾದದ್ದಕ್ಕಿಂತ ಕಡಿಮೆಯೇನಲ್ಲ ಎಂಬುದು ನನ್ನ ಎಣಿಕೆ.

ಹಾಗೆಂದು ವಿಧಾನವನ್ನೇ ತಳ್ಳಿಹಾಕಲು ಮನಸ್ಸು ಬರುವುದಿಲ್ಲ. ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯ, ಅಂದರೆ 159 ರೋಗಿಗಳನ್ನು ನೆದರ್ಲೆಂಡ್ಸ್‌ನ ಅನುಭವಿ ಕೇಂದ್ರಗಳು ಗಮನಿಸಿದಾಗ, ಐದು ವರ್ಷಗಳಲ್ಲಿಯೂ ಮರುಕಳಿಕೆ ಶೇ. 4ರ ಆಸುಪಾಸಿನಲ್ಲಿತ್ತು. ಶವದ ಮೇಲಿನ ಪರೀಕ್ಷೆ ಶರೀರರಚನೆ ದಾರಿ ಬಿಡುತ್ತದೆಯೇ ಎಂಬುದನ್ನು ಹೇಳುತ್ತದೆ; ಆ ದಾರಿಯನ್ನು ಹೊಸದಾಗಿ ಕಲಿಯುವ ವೈದ್ಯರ ಮೊದಲ ರೋಗಿಗಳಿಗೆ ಏನಾಗುತ್ತದೆ ಎಂಬುದನ್ನು ನೋಂದಣಿ ಪುಸ್ತಕ ಮಾತ್ರ ಹೇಳಬಲ್ಲದು, ಅದೂ ವರ್ಷಗಳು ಕಳೆದ ಮೇಲೆ.