ಹರಿಯದೆ ಉಳಿದ ಕರಾರುಪತ್ರ

ಮಳೆಗಾಗಿ ಶಾಲೆಗೆ ರಜೆ ಕೊಟ್ಟಿದ್ದ ದಿನ, ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ತಮ್ಮನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಯೂ ಆಟ್ ಟು ಬಿ ಇನ್ ಪಿಕ್ಚರ್ಸ್’ ಎಂಬ ಕಪ್ಪು-ಬಿಳುಪು ಕಾರ್ಟೂನನ್ನು ಮತ್ತೆ ನೋಡಿದೆ. ಫ್ರಿಜ್ ಫ್ರೆಲೆಂಗ್ ನಿರ್ದೇಶಿಸಿದ, 1940ರಲ್ಲಿ ತೆರೆಕಂಡ ಈ ಸುಮಾರು ಹತ್ತು ನಿಮಿಷದ ಚಿತ್ರ ಹಾಲಿವುಡ್ಡನ್ನು ಗೇಲಿ ಮಾಡುತ್ತಲೇ ಅಲ್ಲಿ ದುಡಿಯುವವರ ಬಗ್ಗೆ ಅಂತಃಕರಣವನ್ನೂ ಇಟ್ಟುಕೊಂಡಿದೆ.

ಚಿತ್ರಕಾರರೆಲ್ಲ ಊಟಕ್ಕೆ ಓಡಿದ ಮೇಲೆ, ಡ್ಯಾಫಿ ಎಂಬ ಬಾತುಕೋಳಿ ಡ್ರಾಯಿಂಗ್ ಹಲಗೆಯ ಮೇಲಿದ್ದ ಪೋರ್ಕಿ ಎಂಬ ಹಂದಿಮರಿಯ ತಲೆ ಕೆಡಿಸುತ್ತದೆ. ಕಾರ್ಟೂನು ಬಿಟ್ಟು ದೊಡ್ಡ ಚಿತ್ರಗಳಿಗೆ ಹೋದರೆ ವಾರಕ್ಕೆ 3000 ಡಾಲರ್ ಸಂಬಳ, ತಾರೆ ಬೆಟ್ಟಿ ಡೇವಿಸ್‌ಗೆ ನಾಯಕನಾಗುವ ಯೋಗ! ಪೋರ್ಕಿ ಹೊರಟರೆ ಆ ಜಾಗ ತನಗೇ ಎಂಬುದು ಡ್ಯಾಫಿಯ ಲೆಕ್ಕಾಚಾರ. ಪೋರ್ಕಿ ಹೋಗಿ ನಿಲ್ಲುವುದು ಈ ಕಾರ್ಟೂನುಗಳ ನಿರ್ಮಾಪಕ, ಚಿತ್ರದಲ್ಲಿ ತಾವಾಗಿಯೇ ಕಾಣಿಸಿಕೊಳ್ಳುವ ಲಿಯಾನ್ ಶ್ಲೆಸಿಂಗರ್ ಅವರ ಮುಂದೆ. ಅವರು ಗದರುವುದಿಲ್ಲ, ಕರಾರನ್ನು ರದ್ದು ಮಾಡಿ ಶುಭ ಹಾರೈಸಿ ಕಳುಹಿಸುತ್ತಾರೆ.

ನಿಜವಾದ ಕೋಣೆಗಳ ಛಾಯಾಚಿತ್ರಗಳನ್ನು ದೊಡ್ಡದು ಮಾಡಿ ಹಿನ್ನೆಲೆಯಾಗಿರಿಸಿ, ಪಾರದರ್ಶಕ ಹಾಳೆಯ ಮೇಲೆ ಬರೆದ ಪಾತ್ರಗಳನ್ನು ಅವುಗಳ ಮೇಲಿಟ್ಟು ಎಷ್ಟೋ ದೃಶ್ಯಗಳನ್ನು ತೆಗೆದಿದ್ದಾರೆ. ನಟರೂ ಹೊರಗಿನವರಲ್ಲ, ಸ್ಟುಡಿಯೊದ ನೌಕರರೇ. ಪೋರ್ಕಿಯನ್ನು ಗೇಟಿನಿಂದ ಎತ್ತಿ ಹೊರಹಾಕುವ ಕಾವಲುಗಾರ ಅಲ್ಲಿನ ಕತೆಗಾರ ಮೈಕಲ್ ಮಾಲ್ಟೀಸ್. ಅವನ ಬಾಯಿಂದ ಬರುವ ದನಿ ಮಾತ್ರ ಕಂಠದಾನ ಕಲಾವಿದ ಮೆಲ್ ಬ್ಲಾಂಕ್ ಅವರದು.

ಅಲೆದು, ಒದೆಸಿಕೊಂಡು, ಎಲ್ಲೂ ಸಲ್ಲದೆ ಪೋರ್ಕಿ ಹಿಂದಿರುಗಿದಾಗ, ಕರಾರುಪತ್ರವನ್ನು ತಾವು ಹರಿದೇ ಇರಲಿಲ್ಲ ಎಂದು ಶ್ಲೆಸಿಂಗರ್ ತಿಳಿಸುತ್ತಾರೆ. ಫ್ರೆಲೆಂಗ್ ಸ್ವತಃ 1937ರಲ್ಲಿ ಇದೇ ಶ್ಲೆಸಿಂಗರ್ ಅವರನ್ನು ಬಿಟ್ಟು ಎಂಜಿಎಂ ಸ್ಟುಡಿಯೊಗೆ ಹೋಗಿ, ಅಲ್ಲಿ ಕೈಗೂಡದೆ 1939ರಲ್ಲಿ ಮರಳಿದ್ದವರು ಎಂಬುದನ್ನು ನೆನೆದರೆ ಆ ದೃಶ್ಯಕ್ಕೆ ಎಲ್ಲಿಲ್ಲದ ತೂಕ ಬರುತ್ತದೆ.

ನನ್ನ ತಮ್ಮನೂ ಒಮ್ಮೆ ಮೂಡಿಗೆರೆಯ ಹತ್ತಿರದ ಕಾಫಿ ತೋಟದಲ್ಲಿದ್ದ, ಲೆಕ್ಕ ಬರೆಯುವ ರೈಟರ್ ಕೆಲಸ ಬಿಟ್ಟು, ನಟನಾಗುತ್ತೇನೆಂದು ಗಾಂಧಿನಗರಕ್ಕೆ ಹೋಗಿದ್ದ. ಎಂಟು ತಿಂಗಳ ಮೇಲೆ ಸೊರಗಿ ಬಂದು ತೋಟದ ಆಫೀಸಿನ ಮೆಟ್ಟಿಲ ಬಳಿ ನಿಂತಾಗ, ಸಾಹುಕಾರರು ಒಂದು ಮಾತನ್ನೂ ಕೇಳದೆ ಆಳುಗಳ ಹಾಜರಿಯ ಚೆಕ್‌ರೋಲ್ ಪುಸ್ತಕವನ್ನು ಅವನತ್ತ ಸರಿಸಿ, ‘ಇವತ್ತಿನ ಆಳು ಬರ್ಕೊಳಪ್ಪ’ ಎಂದರಂತೆ. ಪುಸ್ತಕದೊಳಗೆ ಅವನದೇ ಹಳೆಯ ಪೆನ್ನು ಇತ್ತು.

ಅಂದು ಆ ದೃಶ್ಯ ಬರುವ ಹೊತ್ತಿಗೆ ತಮ್ಮ ಒದ್ದೆ ಕೊಡೆ ಹಿಡಿದು ಬಾಗಿಲಲ್ಲೇ ನಿಂತಿದ್ದ. ‘ಅಪ್ಪಾ, ಕೂತ್ಕೊ, ಇನ್ನೇನು ಟೊಮೇಟೊ ಬೀಳತ್ತೆ’ ಎಂದಳು ಮಗಳು. ತಾರೆ ಗ್ರೇಟಾ ಗಾರ್ಬೊ ಹೆಸರೆತ್ತಿ ಡ್ಯಾಫಿ ಮತ್ತೆ ಆಸೆ ಹುಟ್ಟಿಸಲು ಬಂದಿತು. ಪೋರ್ಕಿ ಎಸೆದ ಟೊಮೇಟೊ ನೇರವಾಗಿ ಅದರ ಮುಖಕ್ಕೇ ಬಿತ್ತು.