ನಾಲ್ಕು ಸಂಖ್ಯೆ

ಇವತ್ತು ಕೆರೆಗಳ ಗಡಿ ಇರುವ ಜಿಯೋಜೇಸನ್ (ನಕ್ಷೆಯ ಮಾಹಿತಿ ಬರೆದಿಡುವ ಒಂದು ಮಾದರಿ) ಫೈಲ್ ಒಂದನ್ನು ಎಲ್ಲರಿಗೂ ಸಿಗುವ ಹಾಗೆ ಹಾಕಿದೆ. ಫೈಲ್ ಏರಿಸಿದ್ದು ಕ್ಷಣದ ಕೆಲಸ. ಹೊತ್ತು ಹಿಡಿದದ್ದು ಅದರ ವಿವರ ಬರೆಯುವುದಕ್ಕೆ.

ಆ ವಿವರದಲ್ಲಿ ನನಗೆ ತುಂಬ ಇಷ್ಟ ಬೌಂಡಿಂಗ್ ಬಾಕ್ಸ್, ಅಂದರೆ ಫೈಲಿನಲ್ಲಿರುವ ಜಾಗವನ್ನೆಲ್ಲ ಒಳಗೊಳ್ಳುವ ಚೌಕ. ಅದರ ಅಂಚುಗಳು ಪಶ್ಚಿಮ, ದಕ್ಷಿಣ, ಪೂರ್ವ, ಉತ್ತರ. ಬರೀ ನಾಲ್ಕು ಸಂಖ್ಯೆ. (2016ರ ಜಿಯೋಜೇಸನ್ ನಿಯಮದಲ್ಲೂ ಇದೇ ಕ್ರಮ, ರೇಖಾಂಶ ಮೊದಲು.) ಯಾರೋ ನಕ್ಷೆಯ ಮೇಲೆ ಒಂದು ಚೌಕ ಎಳೆದು ಹುಡುಕುತ್ತಾರೆ. ಆ ಚೌಕ ಈ ಚೌಕಕ್ಕೆ ತಾಗಿದರೆ ಸಾಕು, ಫೈಲ್ ಎದುರಿಗೆ ಬರುತ್ತದೆ. ಅದರ ಹೆಸರು ಗೊತ್ತಿರಬೇಕಿಲ್ಲ, ಭಾಷೆಯೂ ಒಂದೇ ಆಗಿರಬೇಕಿಲ್ಲ.

ಎಷ್ಟೊಂದು ಒಳ್ಳೆಯ ಅಳತೆಗಳು ಇಷ್ಟೂ ಇಲ್ಲದೆ ಯಾರ ಕಣ್ಣಿಗೂ ಬೀಳದೆ ಕೂತಿವೆ, ಅಲ್ವಾ? ನಿಮ್ಮ ಹತ್ತಿರ ಅಂಥ ಫೈಲ್ ಇದ್ದರೆ ದಯವಿಟ್ಟು ಹಾಕಿ. ಅಳತೆ ಮಾಡಿದ ವರ್ಷ, ಲೈಸೆನ್ಸ್ ಎರಡನ್ನೂ ಬರೆಯಿರಿ. ಬಳಸಬಹುದೋ ಇಲ್ಲವೋ ತಿಳಿಯದೆ ಜನ ಸುಮ್ನೆ ಬಿಟ್ಟುಹೋಗುತ್ತಾರೆ.