ಆನೆ ಗ್ರೂಪ್ ಬಿಡಲಾರೆ, ಫೇಸ್‌ಬುಕ್ ಬಿಟ್ಟೆ

ಬೆಂಗಳೂರಿನಲ್ಲಿರುವ ನನ್ನ ತಮ್ಮನ ಮಗ ಸೋಶಿಯಲ್ ಮೀಡಿಯಾ ಪೂರ್ತಿ ಬಿಟ್ಟಿದ್ದಾನೆ. ಫೇಸ್‌ಬುಕ್ ಇಲ್ಲ, ಇನ್‌ಸ್ಟಾಗ್ರಾಂ ಇಲ್ಲ, ವಾಟ್ಸಾಪ್ ಕೂಡ ಇಲ್ಲ. ಬೇಕಾದವರು ಫೋನ್ ಮಾಡಲಿ ಅಂತಾನೆ. ರಾತ್ರಿ ಚೆನ್ನಾಗಿ ನಿದ್ದೆ ಬರುತ್ತದಂತೆ, ನಿಂತಿದ್ದ ಓದು ಮತ್ತೆ ಶುರುವಾಗಿದೆಯಂತೆ. ಈಗ ನನ್ನ ಹಿಂದೆ ಬಿದ್ದಿದ್ದಾನೆ. "ಅತ್ತೆ, ನೀವೂ ಎಲ್ಲ ತೆಗೆದುಹಾಕಿ. ಒಂದು ತಿಂಗಳು ನೋಡಿ, ಆಮೇಲೆ ನೀವೇ ಹೇಳ್ತೀರ."

ಅವನ ಮಾತಿನಲ್ಲಿ ಅರ್ಧ ನನಗೆ ಒಪ್ಪಿಗೆ. ಇನ್ನರ್ಧ ಒಪ್ಪಲು ಆಗುವುದಿಲ್ಲ. ನಾನಿರುವುದು ಸಕಲೇಶಪುರ ತಾಲ್ಲೂಕಿನಲ್ಲಿ. ಇಲ್ಲಿ ಆನೆ ಎಲ್ಲಿದೆ ಅನ್ನುವುದು ಗೊತ್ತಾಗುವುದೇ ವಾಟ್ಸಾಪ್‌ನಿಂದ.

ಈ ಕಡೆಯವರಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಕಲೇಶಪುರ, ಆಲೂರು, ಬೇಲೂರು, ಆಚೆ ಮೂಡಿಗೆರೆ, ಇಲ್ಲೆಲ್ಲ ಆನೆಗಳು ಕಾಡಿನಿಂದ ಬಂದು ಹೋಗುವ ಕಾಲ ಮುಗಿದಿದೆ. ಎಷ್ಟೋ ಆನೆಗಳು ತೋಟಗಳಲ್ಲೇ ಇರುತ್ತವೆ, ಅಲ್ಲೇ ಮರಿ ಹಾಕುತ್ತವೆ. ಕಾಫಿ ತೋಟದಲ್ಲಿ ದೊಡ್ಡ ನೆರಳಿನ ಮರಗಳಿವೆ, ಕೆರೆ ಇದೆ, ಹಲಸು, ಬೈನೆ, ಬಾಳೆ ಎಲ್ಲ ಇವೆ. ಕೆಳಗೆ ಇಳಿದರೆ ಭತ್ತದ ಗದ್ದೆ. ಆನೆಗೆ ಇನ್ನೇನು ಬೇಕು? ಹಲಸು ಹಣ್ಣಾಗುವ ಹೊತ್ತಿಗೆ ಓಡಾಟ ಜಾಸ್ತಿ. ಭತ್ತ ತೆನೆ ಕಟ್ಟಿದ ಮೇಲೆ ಮತ್ತೆ ಜಾಸ್ತಿ. ಅದರ ಬೆನ್ನಿಗೇ ಕಾಫಿ ಕುಯ್ಲು ಶುರುವಾಗುತ್ತದೆ. ಆಳೆತ್ತರದ ಗಿಡಗಳ ನಡುವೆ, ಬೆಳಗಿನ ಮಂಜಿನಲ್ಲಿ, ಹತ್ತು ಹೆಜ್ಜೆ ಆಚೆ ನಿಂತ ಆನೆ ಕಾಣುವುದಿಲ್ಲ. ಇಷ್ಟು ದೊಡ್ಡ ಪ್ರಾಣಿ ಅಷ್ಟು ಸದ್ದಿಲ್ಲದೆ ನಿಲ್ಲುತ್ತದೆ ಅಂದ್ರೆ ಪೇಟೆಯವರು ನಂಬುವುದಿಲ್ಲ.

ಮೊದಲು ಸುದ್ದಿ ಬಾಯಿಂದ ಬಾಯಿಗೆ ಬರುತ್ತಿತ್ತು. ಹಾಲಿಗೆ ಹೋದವರು ಹೇಳಬೇಕು, ಇಲ್ಲ ಬಸ್ಸಿನವರು ಹೇಳಬೇಕು. ಎಷ್ಟೋ ಸಲ ಆನೆ ಮೊದಲು ಬರುತ್ತಿತ್ತು, ಸುದ್ದಿ ಆಮೇಲೆ. ಈಗ ಅರಣ್ಯ ಇಲಾಖೆಯಲ್ಲಿ ಆನೆ ಕಾರ್ಯಪಡೆ ಅಂತ ಬೇರೆ ತಂಡವೇ ಇದೆ. ಕೆಲವು ಆನೆಗಳಿಗೆ ರೇಡಿಯೋ ಕಾಲರ್ ಹಾಕಿದ್ದಾರೆ. ಅದರಿಂದ ಸಿಕ್ಕ ಮಾಹಿತಿ, ಕಾಲ್ನಡಿಗೆಯಲ್ಲಿ ಹಿಂಬಾಲಿಸುವ ಹುಡುಗರು ಕಂಡದ್ದು, ನಾವು ಊರಿನವರು ನೋಡಿದ್ದು, ಎಲ್ಲವೂ ಗ್ರೂಪ್‌ಗೆ ಬಂದು ಬೀಳುತ್ತದೆ. "ಹೆಣ್ಣಾನೆ ಗುಂಪು ಕೆರೆ ಏರಿ ದಾಟಿದೆ. ಗದ್ದೆ ಕಡೆ ಇಳೀತಿದೆ. ಶಾಲೆ ದಾರಿಯಲ್ಲಿ ಮಕ್ಕಳನ್ನು ಬಿಡಬೇಡಿ." ಇಷ್ಟೇ ಇರುತ್ತದೆ. ಕಾಗುಣಿತ ತಪ್ಪಿರುತ್ತದೆ, ಕೆಲವರು ಸುಮ್ನೆ ಧ್ವನಿ ಸಂದೇಶ ಕಳಿಸುತ್ತಾರೆ. ಅದನ್ನು ಕೇಳಿ ಊರಿಗೆ ಊರೇ ದಾರಿ ಬದಲಿಸುತ್ತದೆ.

ಕಳೆದ ಕುಯ್ಲಿನಲ್ಲಿ ಒಂದು ಬೆಳಿಗ್ಗೆ ಕೆಲಸದ ಹೆಂಗಸರನ್ನು ಕರೆತರುವ ಪಿಕಪ್ ಗೇಟಿನ ಹತ್ತಿರ ಬಂದಿತ್ತು. ಅಷ್ಟರಲ್ಲಿ ಕೆಳಗಿನ ತೋಟದ ಮಾಲೀಕರ ಸಂದೇಶ ಬಂತು. ಒಂಟಿ ಸಲಗ ನಮ್ಮ ತೋಟದ ಕೆಳಪಟ್ಟಿಗೆ ನುಗ್ಗಿದೆ ಅಂತ. ಅವತ್ತು ಅಲ್ಲೇ ಹಣ್ಣು ಕುಯ್ಯಬೇಕಿತ್ತು. ನಮ್ಮ ಮನೆಯವರು ಓಡಿಹೋಗಿ ಗಾಡಿ ನಿಲ್ಲಿಸಿ ಎಲ್ಲರನ್ನೂ ಮೇಲಿನ ಪಟ್ಟಿಗೆ ಕಳಿಸಿದರು. ಮಧ್ಯಾಹ್ನ ಹೋಗಿ ನೋಡಿದರೆ ಗಿಡಗಳು ಮುರಿದಿದ್ದವು, ನೀರಿನ ಪೈಪು ಪುಡಿಯಾಗಿತ್ತು. ಅದೇ ಸಾಲಿನಲ್ಲಿ ಹಿಂದಿನ ದಿನ ಆ ಹೆಂಗಸರು ಬುತ್ತಿ ಇಟ್ಟಿದ್ದರು. ಈ ಗ್ರೂಪ್ ತೆಗೆದುಹಾಕು ಅಂತ ನನಗೆ ಯಾರು ಹೇಳಿದರೂ ಕೇಳುವುದಿಲ್ಲ.

ಇನ್ನೂ ಒಂದೆರಡು ಗ್ರೂಪ್‌ಗಳಿವೆ. ಒಂದರಲ್ಲಿ ಸಂಜೆ ಹೊತ್ತಿಗೆ ಕಾಫಿ ರೇಟು ಬರುತ್ತದೆ. ಅರೇಬಿಕಾ ನ್ಯೂಯಾರ್ಕ್ ಮಾರುಕಟ್ಟೆ ನೋಡಿಕೊಂಡು ಏಳುತ್ತದೆ ಬೀಳುತ್ತದೆ, ರೊಬಸ್ಟಾ ಲಂಡನ್ ನೋಡಿಕೊಂಡು. 2025ರ ಶುರುವಿನಲ್ಲಿ ಬೆಲೆ ಹಿಂದೆಂದೂ ಕಾಣದಷ್ಟು ಏರಿದಾಗ ಸಣ್ಣ ಬೆಳೆಗಾರರಿಗೂ ಆವತ್ತಿನ ರೇಟು ಆವತ್ತೇ ಗೊತ್ತಿತ್ತು. ಮನೆ ಬಾಗಿಲಿಗೆ ಬಂದ ವ್ಯಾಪಾರಿ ಹೇಳಿದ್ದೇ ಬೆಲೆ ಅನ್ನುವ ಹಾಗಿರಲಿಲ್ಲ. ಮಳೆಗಾಲದಲ್ಲಿ ಶಿರಾಡಿ ಘಾಟ್ ತೆರೆದಿದೆಯಾ ಇಲ್ಲವಾ ಅನ್ನುವುದೂ ಹೀಗೇ ಗೊತ್ತಾಗುತ್ತದೆ.

ಈ ಗ್ರೂಪ್‌ಗಳನ್ನು ನಾನು ಯಾಕೆ ಇಟ್ಟುಕೊಂಡಿದ್ದೇನೆ ಅಂತ ಯೋಚಿಸಿದ್ದೇನೆ. ಅಲ್ಲಿ ಬರುವ ಮಾತಿಗೆ ಒಂದು ವಿಳಾಸ ಇದೆ. ತಲುಪಬೇಕಾದವರಿಗೆ ತಲುಪುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಆನೆ ದಾಟಿತು ಅಂದ ಮೇಲೆ ಫೋನ್ ಪಕ್ಕಕ್ಕಿಟ್ಟು ಕೆಲಸಕ್ಕೆ ಹೋಗುತ್ತೇವೆ. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಅನ್ನುವುದಕ್ಕೆ ನಾನು ಈಗ ಇದನ್ನೇ ನೋಡುತ್ತೇನೆ. ತಲುಪುತ್ತದಾ, ನಿಲ್ಲುತ್ತದಾ?

ಅದೇ ಆನೆ ರೀಲ್ ಆದಾಗ ಏನಾಗುತ್ತದೆ ನೋಡಿ. ನಮ್ಮ ಕಡೆ ಭೀಮ ಅನ್ನುವ ಕಾಡಾನೆ ಇದೆ. ಗಂಭೀರ ನಡಿಗೆ. ಊರ ರಸ್ತೆಯಲ್ಲಿ ತನ್ನ ಪಾಡಿಗೆ ನಡೆದುಹೋಗುವ ಅದರ ವಿಡಿಯೋ ನೀವೂ ನೋಡಿರುತ್ತೀರಿ. ಅದರ ಕೆಳಗೆ ಹೃದಯದ ಚಿತ್ರಗಳು, "ಸಾಧು ಪ್ರಾಣಿ", "ನಮ್ಮ ಭೀಮಣ್ಣ" ಅಂತ ಕಾಮೆಂಟುಗಳು. 2023ರ ಆಗಸ್ಟ್‌ನಲ್ಲಿ ಆಲೂರು ತಾಲ್ಲೂಕಿನಲ್ಲಿ, ಗಾಯಗೊಂಡಿದ್ದ ಇದೇ ಭೀಮನಿಗೆ ಚಿಕಿತ್ಸೆ ಕೊಡಲು ಅರಿವಳಿಕೆ ಹಾರಿಸಲು ಹೋದ ಅರಣ್ಯ ಇಲಾಖೆಯ ಅನುಭವಿ ಸಿಬ್ಬಂದಿಯೊಬ್ಬರು ಅದರ ದಾಳಿಗೆ ಸಿಕ್ಕಿ ಜೀವ ಕಳೆದುಕೊಂಡರು. ಆನೆಯದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ನೋವಿನಲ್ಲಿದ್ದ ಕಾಡುಪ್ರಾಣಿ ಅದು. ಆದರೆ ರೀಲ್ ನೋಡಿಕೊಂಡು ಬೈಕ್ ಹತ್ತಿ ಬರುವ ಹುಡುಗರಿಗೆ ಈ ಕಥೆ ಯಾರು ಹೇಳುತ್ತಾರೆ? ಮೊಬೈಲ್ ಹಿಡಿದು ಆನೆಯ ಹಿಂದೆ ನಡೆಯುತ್ತಾರೆ, ಹಾರ್ನ್ ಹೊಡೆಯುತ್ತಾರೆ. ಆನೆ ಗಾಬರಿಯಾಗಿ ಪಕ್ಕದ ತೋಟಕ್ಕೆ ನುಗ್ಗುತ್ತದೆ. ಅಲ್ಲಿ ನಮ್ಮ ಹೆಂಗಸರು ಕೆಲಸ ಮಾಡುತ್ತಿರುತ್ತಾರೆ. ಜಾಗದ ಹೆಸರು ಹಾಕಿ ವಿಡಿಯೋ ಬಿಟ್ಟವನು ಅಷ್ಟು ಹೊತ್ತಿಗೆ ಎಲ್ಲೋ ಕೂತು ಲೈಕ್ ಎಣಿಸುತ್ತಿರುತ್ತಾನೆ.

ಅರ್ಜುನ ಸತ್ತಾಗಲೂ ಹೀಗೇ ಆಯಿತು. ಮೈಸೂರು ದಸರೆಯಲ್ಲಿ 2012ರಿಂದ 2019ರವರೆಗೆ ಚಿನ್ನದ ಅಂಬಾರಿ ಹೊತ್ತ ಆನೆ. 2023ರ ಡಿಸೆಂಬರ್ 4ರಂದು ಯಸಳೂರು ಕಡೆ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸಲಗದ ಜೊತೆ ಕಾದಾಡಿ ಸತ್ತಿತು. ಅವತ್ತು ನಮ್ಮ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ನಾಡಿನ ಜನ ಫೇಸ್‌ಬುಕ್‌ನಲ್ಲಿ ಅತ್ತದ್ದು ನಿಜವಾದ ಅಳು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ರಾತ್ರಿ ಕಳೆಯುವುದರೊಳಗೆ ಅದು ಸತ್ತದ್ದು ಹೇಗೆ ಅನ್ನುವುದಕ್ಕೆ ಬಗೆಬಗೆಯ ಕಥೆ ಹುಟ್ಟಿಕೊಂಡವು. ಒಂದು ಕಥೆ ಇನ್ನೊಂದನ್ನು ಸುಳ್ಳು ಮಾಡುತ್ತಿತ್ತು. ಕಣ್ಣಾರೆ ನೋಡಿದವರಿಗಿಂತ ಜೋರಾಗಿ ಮಾತಾಡಿದವರು ಈ ಕಡೆ ಕಾಲಿಟ್ಟೇ ಇಲ್ಲದವರು.

ಫೇಸ್‌ಬುಕ್ ನನಗೆ ಒಳ್ಳೆಯದನ್ನೂ ಕೊಟ್ಟಿದೆ. ಎಸ್ಸೆಸ್ಸೆಲ್ಸಿಯಲ್ಲಿ ಜೊತೆಗೆ ಓದಿದ ಗೆಳತಿಯರು ಮದುವೆಯಾಗಿ ದಿಕ್ಕಿಗೊಬ್ಬರಾಗಿದ್ದವರು ಅಲ್ಲೇ ಸಿಕ್ಕರು. ಈಗಲೂ ಫೋನಿನಲ್ಲಿ ಮಾತಾಡುತ್ತೇವೆ. ಬಿಟ್ಟದ್ದಕ್ಕೆ ಕಾರಣ ಒಂದು ಜಗಳ. ನಮ್ಮ ಹತ್ತಿರದ ಊರಿನ ದೇವಸ್ಥಾನದ ಜೀರ್ಣೋದ್ಧಾರದ ಲೆಕ್ಕದ ಬಗ್ಗೆ ಒಬ್ಬರು ಪೋಸ್ಟ್ ಹಾಕಿದರು. ಕೇಳಿದ್ದು ಸರಿಯಾದ ಪ್ರಶ್ನೆಯೇ. ಆದರೆ ಕೇಳಿದ ಜಾಗ ನೋಡಿ. ಊರ ಸಭೆಯಲ್ಲಿ ಕೇಳಿದ್ದರೆ ಲೆಕ್ಕದ ಪುಸ್ತಕ ತೆಗೆಯುತ್ತಿದ್ದರು, ಜೋರು ಮಾತಾಗುತ್ತಿತ್ತು, ಹಿರಿಯರು ಯಾರಾದರೂ ಕೂರಿಸುತ್ತಿದ್ದರು, ಕಾಫಿ ಕುಡಿದು ಎದ್ದು ಬರುತ್ತಿದ್ದೆವು. ಫೇಸ್‌ಬುಕ್‌ನಲ್ಲಿ ಕೂರಿಸುವವರು ಯಾರೂ ಇಲ್ಲ. ದುಬೈನಲ್ಲಿದ್ದ ನೆಂಟ ಒಂದು ಮಾತು ಸೇರಿಸಿದ. ಗುರುತೇ ಇಲ್ಲದವರು ಜಾತಿ ಎಳೆದು ತಂದರು. ಎರಡು ಮನೆಯವರು, ಹೆಣ್ಣು ಕೊಟ್ಟು ತಂದವರು, ಈಗ ಸಾವಿಗೂ ಒಬ್ಬರ ಮನೆಗೆ ಒಬ್ಬರು ಹೋಗುವುದಿಲ್ಲ. ಲೆಕ್ಕ ಏನಾಯಿತು ಅನ್ನುವುದು ಯಾರಿಗೂ ನೆನಪಿಲ್ಲ.

ಅದು ಆ ಮನುಷ್ಯರ ಸ್ವಭಾವ ಅಂತ ಮೊದಲು ಅಂದುಕೊಂಡೆ. ಆಮೇಲೆ ತಮ್ಮನ ಮಗ ಕೆಲವು ಸಂಗತಿ ಹೇಳಿದ, ನಾನೂ ಓದಿದೆ. ಫೇಸ್‌ಬುಕ್ 2018ರಲ್ಲಿ ತನ್ನ ಲೆಕ್ಕಾಚಾರ ಬದಲಿಸಿತು. ಯಾವ ಪೋಸ್ಟ್‌ಗೆ ಜನ ಜಾಸ್ತಿ ಕಾಮೆಂಟ್ ಹಾಕುತ್ತಾರೋ, ಜಾಸ್ತಿ ಹಂಚುತ್ತಾರೋ, ಅದನ್ನು ಮುಂದೆ ತಂದು ತೋರಿಸತೊಡಗಿತು. ಇದರಿಂದ ಸಿಟ್ಟು ಬರಿಸುವ ಪೋಸ್ಟ್‌ಗಳಿಗೆ ಬಲ ಬರುತ್ತಿದೆ ಅಂತ ಕಂಪನಿಯ ಒಳಗಿನವರೇ ಬರೆದಿಟ್ಟಿದ್ದರು. ಅಲ್ಲೇ ಕೆಲಸ ಮಾಡಿದ್ದ ಫ್ರಾನ್ಸಿಸ್ ಹಾಗನ್ ಅನ್ನುವ ಹೆಣ್ಣುಮಗಳು 2021ರಲ್ಲಿ ಆ ಕಾಗದಗಳನ್ನು ಹೊರತಂದರು. ಬೆರಳು ಎಳೆದಷ್ಟೂ ಕೆಳಗೆ ಹೊಸದು ಬರುತ್ತಲೇ ಇರುತ್ತದಲ್ಲ, ಆ ಏರ್ಪಾಡನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್, ತಾನು ಮಾಡಿದ್ದಕ್ಕೆ ಪಶ್ಚಾತ್ತಾಪ ಇದೆ ಅಂತ ಆಮೇಲೆ ಹೇಳಿದ್ದಾರೆ. ಅಲ್ಲಿ ಮಾತು ನಿಲ್ಲಬಾರದು ಅಂತಲೇ ಕಟ್ಟಿದ್ದಾರೆ. ನಿಂತರೆ ಅವರಿಗೆ ಜಾಹೀರಾತಿನ ದುಡ್ಡಿಲ್ಲ. ಇದು ತಿಳಿದ ಮೇಲೆ ನನಗೆ ಅಲ್ಲಿ ಕೂರಲು ಮನಸ್ಸಾಗಲಿಲ್ಲ.

ವಾಟ್ಸಾಪ್ ಕೂಡ ಅದೇ ಕಂಪನಿಯದ್ದು, 2014ರಲ್ಲೇ ಕೊಂಡುಕೊಂಡಿದೆ. ಅಲ್ಲಿಯೂ ಕೆಟ್ಟದ್ದು ಕಡಿಮೆ ನಡೆದಿಲ್ಲ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ಸುಳ್ಳು ಸಂದೇಶ ನಂಬಿ ನಮ್ಮ ಬೀದರ್ ಜಿಲ್ಲೆಯಲ್ಲೇ ಜನ ಒಬ್ಬ ಇಂಜಿನಿಯರ್‌ನನ್ನು ಹೊಡೆದು ಕೊಂದರು. ಆ ವರ್ಷವೇ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗಿಂತ ಹೆಚ್ಚು ಕಳಿಸದ ಹಾಗೆ ಭಾರತದಲ್ಲಿ ಮಿತಿ ಹಾಕಿದರು. 2020ರಿಂದ ತುಂಬ ಕೈ ದಾಟಿ ಬಂದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳಿಸಬಹುದು. ಅಂಥದ್ದಕ್ಕೆ ಎರಡು ಬಾಣದ ಗುರುತಿರುತ್ತದೆ. ಆ ಗುರುತು ಕಂಡರೆ ನಾನು ಮುಂದೆ ಕಳಿಸುವುದಿಲ್ಲ. ಎಲ್ಲಿಯದೋ ಗುಡ್ಡ ಕುಸಿದ ಹಳೆ ವಿಡಿಯೋ ಪ್ರತಿ ಮಳೆಗಾಲ ಶಿರಾಡಿ ಘಾಟ್ ಅಂತ ಹೆಸರು ಹೊತ್ತು ಬರುತ್ತದೆ. 2024ರ ಜುಲೈನಲ್ಲಿ ಅದೇ ಘಾಟ್ ದಾರಿಯ ದೊಡ್ಡತಪ್ಪಲೆಯಲ್ಲಿ ನಿಜವಾಗಿಯೂ ಗುಡ್ಡ ಕುಸಿದಾಗ ಎಷ್ಟೋ ಜನ, ಇದೂ ಹಳೇದೇ ಇರಬೇಕು ಅಂದರು.

ಹಾಸನದವಳಾಗಿ ಒಂದು ಮಾತು ಹೇಳದೆ ಇರಲಾರೆ. 2024ರ ಏಪ್ರಿಲ್, ಚುನಾವಣೆ ಸಮಯ. ಈ ಜಿಲ್ಲೆಯ ಹೆಣ್ಣುಮಕ್ಕಳ ಖಾಸಗಿ ವಿಡಿಯೋಗಳು ಮೊಬೈಲ್‌ನಿಂದ ಮೊಬೈಲ್‌ಗೆ ಹರಿದವು. ಮುಖ ಮುಚ್ಚುವಷ್ಟೂ ಕನಿಕರ ಯಾರಿಗೂ ಇರಲಿಲ್ಲ. ಅದನ್ನು ಕಳಿಸಿದವರೆಲ್ಲ ದುಷ್ಟರೇನಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕೂರುವವರು, ಮದುವೆಯಲ್ಲಿ ಊಟ ಬಡಿಸುವವರು. "ನೋಡಿದ್ಯಾ?" ಅಂತ ಒಬ್ಬರು ಇನ್ನೊಬ್ಬರನ್ನು ಕೇಳುತ್ತಿದ್ದರು. ಅಂಥ ವಿಡಿಯೋ ಮುಂದೆ ಕಳಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಎ ಸೆಕ್ಷನ್ ಪ್ರಕಾರ ಅಪರಾಧ, ಮೊದಲ ಸಲಕ್ಕೇ ಐದು ವರ್ಷದವರೆಗೆ ಜೈಲು, ಹತ್ತು ಲಕ್ಷದವರೆಗೆ ದಂಡ. ತನಿಖಾ ತಂಡ ಎಚ್ಚರಿಕೆ ಕೊಟ್ಟ ಮೇಲೆ ಕೆಲವರು ಹೆದರಿ ಅಳಿಸಿದರು. ಆ ಹೆಂಗಸರಿಗೆ ಅದರಿಂದ ಏನು ಸಿಕ್ಕಿತು? ಮನೆ ಬಿಟ್ಟು, ಊರು ಬಿಟ್ಟು ಹೋದವರಿದ್ದಾರೆ. ನನ್ನ ಅಕ್ಕನ ಮಗಳು ಹಾಸನದಲ್ಲಿ ಪಿಯುಸಿ ಓದುತ್ತಿದ್ದಾಳೆ, ಇನ್‌ಸ್ಟಾಗ್ರಾಂ ಬಳಸುತ್ತಾಳೆ. ಅವಳಿಗೆ ಬಿಡು ಅಂತ ನಾನು ಹೇಳಿಲ್ಲ. ಯಾರದ್ದಾದರೂ ಇಂಥದ್ದು ನಿನಗೆ ಬಂದರೆ ನಿನ್ನ ಕೈಯಿಂದ ಮುಂದೆ ಹೋಗಬಾರದು, ನಿನಗೇ ಯಾರಾದರೂ ಬೆದರಿಕೆ ಹಾಕಿದರೆ ಚಿಕ್ಕಮ್ಮನಿಗೆ ಮೊದಲು ಫೋನ್ ಮಾಡು, ಬೈಯುವುದಿಲ್ಲ, ಇಬ್ಬರೂ ಸೇರಿ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಕರೆ ಮಾಡೋಣ ಅಂದಿದ್ದೇನೆ. ಆ ನಂಬರ್ ಅವಳ ಫೋನಿನಲ್ಲಿ ನಾನೇ ಹಾಕಿಕೊಟ್ಟಿದ್ದೇನೆ.

ತಮ್ಮನ ಮಗನಿಗೆ ಇದನ್ನೆಲ್ಲ ಹೇಳಿದೆ. "ಹಾಗಾದ್ರೆ ಆನೆ ಗ್ರೂಪ್ ಒಂದು ಇರಲಿ ಅತ್ತೆ" ಅಂದ. ಆದರೆ ನನ್ನ ಚಿಂತೆ ಈಗ ಆ ಗ್ರೂಪಿನದ್ದೇ. ಅದರಲ್ಲಿ ಗುಡ್ ಮಾರ್ನಿಂಗ್ ಹೂವು, ಹುಟ್ಟುಹಬ್ಬದ ಕೇಕು, ಪಕ್ಷದ ವಿಡಿಯೋ ಬರತೊಡಗಿವೆ. ಬೇಸತ್ತು ಸದ್ದು ಬರದ ಹಾಗೆ ಮಾಡಿಟ್ಟವರಿದ್ದಾರೆ. ಆನೆ ಬಂದ ಸುದ್ದಿಯೂ ಅವರಿಗೆ ಸದ್ದಿಲ್ಲದೆ ಬಂದು ಕೂತಿರುತ್ತದೆ. ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದು. ತೋಟದ ಕೆಲಸದವರ ಲೈನ್ ಮನೆಗಳಲ್ಲಿ ಇರುವ ಎಷ್ಟೋ ಜನರ ಹತ್ತಿರ ಕೀಪ್ಯಾಡ್ ಫೋನ್ ಇದೆ, ಗ್ರೂಪ್ ಇಲ್ಲ. ಅಸ್ಸಾಂನಿಂದ ಕೆಲಸಕ್ಕೆ ಬಂದವರ ಹತ್ತಿರ ಸ್ಮಾರ್ಟ್‌ಫೋನ್ ಇದೆ, ಕನ್ನಡ ಬರುವುದಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ತೋಟಕ್ಕೆ ಇಳಿಯುವವರು ಇವರೇ.

ಹಾಗಾಗಿ ಅಡ್ಮಿನ್‌ಗಳ ಹತ್ತಿರ ಮಾತಾಡಿದೆ. ಆನೆ ಸುದ್ದಿ ಬಿಟ್ಟು ಬೇರೆ ಏನೇ ಹಾಕಿದರೂ ತೆಗೆಯುವುದು ಅಂತ ಒಪ್ಪಿದ್ದಾರೆ. ಮರಿಯಾನೆ ಎಷ್ಟೇ ಮುದ್ದಾಗಿದ್ದರೂ ವಿಡಿಯೋ ಹೊರಗೆ ಬಿಡಬಾರದು, ಜಾಗದ ಹೆಸರು ಹಾಕಲೇಬಾರದು ಅನ್ನುವುದಕ್ಕೆ ಹುಡುಗರು ಸ್ವಲ್ಪ ಗೊಣಗಿದರು, ಒಪ್ಪುತ್ತಾರೆ. ಸ್ವಲ್ಪ ಹಿಂದಿ ಬರುವ ಮೇಸ್ತ್ರಿಯೊಬ್ಬರು ಅಸ್ಸಾಂನವರಿಗೆ ಧ್ವನಿ ಸಂದೇಶ ಕಳಿಸುತ್ತೇನೆ ಅಂದಿದ್ದಾರೆ. ಕೀಪ್ಯಾಡ್ ಫೋನ್ ಇರುವವರ ಪಟ್ಟಿ ನಾನು ಬರೆಯುತ್ತಿದ್ದೇನೆ. ಯಾರಿಗೆ ಯಾರು ಫೋನ್ ಮಾಡಬೇಕು ಅಂತ ಮನೆ ಹಂಚಿಕೊಳ್ಳಬೇಕು. ನಮ್ಮ ಪಾಲಿಗೆ ಕೆರೆ ಕೆಳಗಿನ ಲೈನ್ ಬಂದಿದೆ. ಮೇಲಿನ ಕೇರಿಗೆ ಇನ್ನೂ ಯಾರೂ ಒಪ್ಪಿಕೊಂಡಿಲ್ಲ. ಇದನ್ನು ಓದುವ ನಮ್ಮ ಊರಿನವರು ಯಾರಾದರೂ ಇದ್ದರೆ, ಕುಯ್ಲು ಶುರುವಾಗುವ ಮೊದಲು ಹೇಳಿ.